ನೀರು ಯೋಚನೆ ಮಾಡುವ ಹೊತ್ತು

ನೀರು ಎದೆಯ ತನಕ ಬಂದಿತ್ತು.

ನನ್ನ ಎರಡೂ ಕೈಗಳನ್ನು ಹಿಂದಕ್ಕೆ ಎಳೆದು, ದೋಣಿ ಕಟ್ಟುವ ಜೆಟ್ಟಿಯ ಕಂಬಕ್ಕೆ ಬಿಗಿದಿದ್ದರು. ನಾರಿನ ಹಗ್ಗ. ನೆನೆದಷ್ಟೂ ಬಿಗಿಯಾಗುವ ಜಾತಿ. ತಲೆಯ ಹಿಂಭಾಗಕ್ಕೆ ಬಿದ್ದ ಏಟು ಇನ್ನೂ ಧಿಮ್ ಎನ್ನುತ್ತಿತ್ತು. ಮೇಲೆ ಮರದ ಹಲಗೆಗಳು, ಹಲಗೆಗಳ ಸಂದಿಯಲ್ಲಿ ಮಧ್ಯಾಹ್ನದ ಬಿಸಿಲು. ಆ ಬಿಸಿಲಿನಲ್ಲಿ ಪಾಲಿಶ್ ಹಾಕಿದ ಎರಡು ಬೂಟುಗಳು ನೇತಾಡುತ್ತಿದ್ದವು.

ಬೂಟಿನ ಒಡೆಯನನ್ನು ಎಲ್ಲರೂ ಬೆಣ್ಣೆ ಎನ್ನುತ್ತಾರೆ. ಮನೆ ಬ್ರೋಕರ್. ಮಾತು ಅಷ್ಟು ನಯ. ಕೊಲ್ಲುವಾಗಲೂ ಬಹುವಚನ ಬಿಡುವ ಆಸಾಮಿ ಅಲ್ಲ ಎಂದು ಅವತ್ತು ಗೊತ್ತಾಯಿತು.

"ಹೂಂ ಅಂದ್ಬಿಡಿ ಸಾರ್. ಒಂದೇ ಅಕ್ಷರ."

"ಊಹೂಂ," ಎಂದೆ.

"ಅದು ಎರಡು ಅಕ್ಷರ. ಸುಮ್ನೆ ಯಾಕೆ ಉಸಿರು ಖರ್ಚು ಮಾಡ್ತೀರಿ?"

ಅವನ ಆಳು ಗೂಳಿ ಪಕ್ಕದಲ್ಲಿ ನಿಂತು ನಕ್ಕ. ಗೂಳಿಗೆ ಕುತ್ತಿಗೆ ಇಲ್ಲ. ತಲೆ ನೇರವಾಗಿ ಹೆಗಲಿನ ಮೇಲೆ ಕೂತಿದೆ. ಕೈಯಲ್ಲಿ ಕಬ್ಬಿಣದ ಸಲಾಕೆ. ನನ್ನ ತಲೆಗೆ ಬಿದ್ದದ್ದು ಅದೇ.

"ಕೆಲಸ ಏನಿಲ್ಲ ಸಾರ್," ಬೆಣ್ಣೆ ಮುಂದುವರಿಸಿದ. "ಮನೆ ನಿಮ್ದು. ಜೆಟ್ಟಿ ನಿಮ್ದು. ಸಂಜೆ ಒಂದು ಬೋಟ್ ಬರುತ್ತೆ. ನೀವು ಜೆಟ್ಟಿ ಮೇಲೆ ನಿಂತು ಹಗ್ಗ ಹಿಡ್ಕೋಬೇಕು. ಗಸ್ತಿನ ಬೋಟ್ ಹಾದುಹೋದ್ರೆ ಕೈ ಬೀಸ್ಬೇಕು. ನಿಮ್ಮ ಮುಖ ಕಂಡ್ರೆ ಅವ್ರು ನಿಲ್ಸಲ್ಲ. ಇವತ್ತು ಹಾಗೆ, ನಾಳೆನೂ ಹಾಗೆ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ನಾವು ಇಲ್ಲೇ ಕೂತ್ಕೊಂಡು ಕಾಯ್ತೀವಿ. ನೀವು ಅಲ್ಲೇ ನಿಂತ್ಕೊಂಡು ಕಾಯ್ತೀರಿ."

ಕಂಬದ ಮೇಲೆ ಚಿಪ್ಪುಗಳು ಅಂಟಿದ ಒಂದು ಗೆರೆ ಇತ್ತು. ಏರುವ ನೀರು ದಿನವೂ ಅಲ್ಲಿಯ ತನಕ ಬರುತ್ತದೆ ಎಂದು ಅದರ ಅರ್ಥ. ಕತ್ತು ಎತ್ತಿ ನೋಡಿದೆ. ಗೆರೆ ನನ್ನ ನೆತ್ತಿಗಿಂತ ಒಂದು ಗೇಣು ಮೇಲಿತ್ತು.

ಬಾಯಿ ಒಣಗಿತು. ಸುತ್ತ ಅಷ್ಟು ನೀರಿದ್ದರೂ.

"ಹೆದರ್ಕೋಬೇಡಿ ಸಾರ್," ಎಂದ ಬೆಣ್ಣೆ. "ನೀರು ಯೋಚ್ನೆ ಮಾಡೋ ಹೊತ್ತಿಗೆ ಗಲ್ಲದ ತನಕ ಬರುತ್ತೆ. ಮೂಗಿಗೆ ಬರಲ್ಲ ಅಂತ ಕೇಳಿದ್ದೀನಿ. ನೋಡೋಣ."

ನೀರು ಯೋಚನೆ ಮಾಡುವ ಹೊತ್ತು...

ನನಗೆ ಚಳಿ ಹತ್ತಿದ್ದು ಆಗ. ನೀರಿನಿಂದಲ್ಲ. ಆ ಮಾತಿನಿಂದ.

ನೀವು ನೀರಿನ ದಡದಲ್ಲಿ ಮನೆ ಕೊಳ್ಳಬೇಕೆಂದು ನನ್ನ ಬಳಿ ಬಂದಿದ್ದೀರಿ. ಆದ್ದರಿಂದ ನಿಮಗೆ ಇದನ್ನು ಹೇಳುತ್ತಿದ್ದೇನೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಪೂರ್ತಿ ಏರಿದ ಮೇಲೆ, ಇಳಿಯುವ ಮುಂಚೆ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಜನ ಅದನ್ನು ನಿಂತ ನೀರು ಎನ್ನುತ್ತಾರೆ. ನಮ್ಮಪ್ಪ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಅಪ್ಪ ದೋಣಿ ನಡೆಸುತ್ತಿದ್ದ. ನೀರು ನಿಂತ ಕೂಡಲೇ ಹುಟ್ಟು ಮೇಲಕ್ಕೆತ್ತಿ, "ಶ್... ನೀರು ಯೋಚ್ನೆ ಮಾಡ್ತಿದೆ, ಮಾತಾಡ್ಬೇಡಿ," ಎನ್ನುತ್ತಿದ್ದ. ನಾವು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು. ಅದು ನಮ್ಮ ಮನೆಯ ಮಾತು. ಹೊರಗಿನವರ ಮುಂದೆ ಹೇಳಿದರೆ ನಗುತ್ತಾರೆ ಎಂದು ಯಾರ ಹತ್ತಿರವೂ ಹೇಳುತ್ತಿರಲಿಲ್ಲ.

ಆ ಮಾತು ಗೊತ್ತಿದ್ದವರಲ್ಲಿ ಅಪ್ಪ ತೀರಿಹೋಗಿದ್ದ. ನಾನು ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದೆ.

ಉಳಿದವಳು ಅಕ್ಕ.

ಅಮ್ಮನ ಮುಖ ನನಗೆ ನೆನಪಿಲ್ಲ. ಅಕ್ಕನೇ ಅನ್ನ ಕಲಸಿ ತಿನ್ನಿಸಿದಳು, ಅಕ್ಕನೇ ಹೊಡೆದಳು, ಅಕ್ಕನೇ ಶಾಲೆಗೆ ಸೇರಿಸಿದಳು. ನದಿಯ ಆಚೆ ದಡದಲ್ಲಿ ಅವಳದೊಂದು ಕ್ಯಾನ್ವಾಸ್ ಹೊಲಿಯುವ ಅಂಗಡಿ. ಬೇರೆಯವರ ಬೋಟುಗಳಿಗೆ ಮಳೆ ಬಿಸಿಲು ತಾಗದಂತೆ ಕವರ್ ಹೊಲಿಯುತ್ತಾಳೆ. ನಾನು ಮೊದಲು ಗಸ್ತಿನ ಬೋಟಿನಲ್ಲಿದ್ದೆ. ಅದನ್ನು ಬಿಟ್ಟ ಮೇಲೆ ಮನೆ ಕೊಳ್ಳುವವರಿಗಾಗಿ ಮನೆಗಳ ಹಿಂದೆ ಬೀಳುವ ಕೆಲಸ ಹಿಡಿದೆ. ಯಾವ ಗೋಡೆ ಒಳಗೆ ಕೊಳೆತಿದೆ, ಯಾವ ಮಾಲೀಕ ಸುಳ್ಳು ಹೇಳುತ್ತಿದ್ದಾನೆ, ಎಲ್ಲ ಮೂಸಿ ಹೇಳುತ್ತೇನೆ. ಆ ಕೆಲಸದಲ್ಲಿ ನನ್ನದು ಎತ್ತಿದ ಕೈ ಎಂದು ಜನ ಹೇಳುತ್ತಾರೆ.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ಆಸೆ. ನೀರಿನ ದಡದಲ್ಲಿ ಒಂದು ಮನೆ. ಮನೆಗೊಂದು ನಮ್ಮದೇ ಜೆಟ್ಟಿ. ಅಪ್ಪನಿಗೆ ದೋಣಿ ಇತ್ತು, ಕಟ್ಟಲು ಜಾಗ ಇರಲಿಲ್ಲ. ಯಾರದೋ ಜೆಟ್ಟಿಗೆ ಕಟ್ಟುತ್ತಿದ್ದ, ಅವರು ಬೈದು ಓಡಿಸುತ್ತಿದ್ದರು. ನಮ್ಮ ಎದುರಿಗೇ ಬೈಯುತ್ತಿದ್ದರು.

ಈ ಮನೆ ಹುಡುಕಿದ್ದು ಅಕ್ಕ. ಬ್ರೋಕರನನ್ನು ಕರೆತಂದಿದ್ದೂ ಅಕ್ಕ. ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಅಗಲವಾದ ಜಗಲಿ, ಗಟ್ಟಿ ಜೆಟ್ಟಿ. ಬೆಲೆ ನಮ್ಮ ಕೈಗೆ ಎಟುಕುವಷ್ಟೇ. ನಾನು ಎಂದಿನಂತೆ ಅಡಿಯಿಂದ ಮುಡಿಯ ತನಕ ನೋಡುತ್ತೇನೆ ಎಂದೆ. ಅಕ್ಕನಿಗೆ ಕೋಪ ಬಂತು.

"ನಮ್ಮನೆಗೂ ಪತ್ತೇದಾರಿಕೆ ಮಾಡ್ತೀಯೇನೋ? ನನ್ನ ಮೇಲೂ ನಂಬಿಕೆ ಇಲ್ವಾ?"

ನಂಬಿಕೆ ಇತ್ತು. ನೋಡಲಿಲ್ಲ.

ಮನೆಯನ್ನು ನನ್ನೊಬ್ಬನ ಹೆಸರಿಗೇ ಮಾಡಿಸಿದಳು. "ನಂಗೆ ಹಿಂದೆ ಮುಂದೆ ಯಾರಿದ್ದಾರೆ? ನಿನ್ನ ಹೆಸರಲ್ಲೇ ಇರ್ಲಿ ಕಣೋ," ಎಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಿಜವಾಗಿಯೂ.

ಕಂಬಕ್ಕೆ ಕಟ್ಟಿಸಿಕೊಂಡ ಆ ದಿನ ಮಧ್ಯಾಹ್ನ ಮೆಟ್ಟಿಲ ಪಾಚಿ ಉಜ್ಜಲು ಬಕೆಟ್ ಹಿಡಿದು ಒಬ್ಬನೇ ಹೋದೆ. ಅಷ್ಟು ದಿನ ಬೆಣ್ಣೆ ಮನೆ ತೋರಿಸುತ್ತಿದ್ದದ್ದು ನೀರು ತುಂಬಿದಾಗ ಮಾತ್ರ. ಅವತ್ತು ನೀರು ಪೂರ್ತಿ ಇಳಿದಿತ್ತು. ಕೆಸರು ಕಾಣುತ್ತಿತ್ತು. ಆ ಕೆಸರಿನಲ್ಲಿ ನದಿಯ ನಡುವಿನಿಂದ ನಮ್ಮ ಜೆಟ್ಟಿಯ ಬುಡದ ತನಕ ನೆಟ್ಟಗೆ ಒಂದು ಕಾಲುವೆ ಕೊರೆದಿದ್ದರು. ಹೊಸದು. ಆಳ. ಮನೆಮಂದಿ ಓಡಾಡುವ ದೋಣಿಗೆ ಯಾರೂ ಅಷ್ಟು ಆಳ ತೋಡುವುದಿಲ್ಲ. ತುಂಬಿದ ಭಾರದ ಬೋಟು ಬರುವ ಕಡೆ ತೋಡುತ್ತಾರೆ.

ಒಳಗೆ ಹೋದೆ. ಬೆಣ್ಣೆ ಬರುವಾಗಲೆಲ್ಲ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆಯುತ್ತಿದ್ದ. ಅವತ್ತು ಸ್ಪ್ರೇ ಇರಲಿಲ್ಲ. ಅಡಿಗೆಮನೆಯ ನೆಲದಿಂದ ಡೀಸೆಲ್ ವಾಸನೆ ಬರುತ್ತಿತ್ತು. ಹಲಗೆ ಎತ್ತಿದೆ. ಕೆಳಗೆ ಕೋಣೆಯಷ್ಟು ದೊಡ್ಡ ಟ್ಯಾಂಕು. ಅಳಿವೆಯಲ್ಲಿ ಲಂಗರು ಹಾಕುವ ಹಡಗುಗಳಿಂದ ಡೀಸೆಲ್ ಕದಿಯುವ ಗುಂಪೊಂದಿದೆ ಎಂದು ನನಗೆ ಗೊತ್ತಿತ್ತು. ಗಸ್ತಿನಲ್ಲಿದ್ದಾಗ ಅವರನ್ನು ಹಿಡಿಯಲು ಹೆಣಗಿದ್ದೆ. ಅವರ ಗೋದಾಮು ನನ್ನದೇ ಅಡಿಗೆಮನೆ ಎಂದು ಮಾತ್ರ ಗೊತ್ತಿರಲಿಲ್ಲ.

ಬಗ್ಗಿ ನೋಡುತ್ತಿದ್ದೆ. ಸಲಾಕೆ ಬಿತ್ತು.

ಎಚ್ಚರವಾದಾಗ ಕಂಬ, ಹಗ್ಗ, ನೀರು.

"ಹೂಂ," ಎಂದೆ.

ಬೆಣ್ಣೆ ಬಗ್ಗಿ ನೋಡಿದ. "ಏನಂದ್ರಿ?"

"ಹೂಂ ಅಂದೆ. ಸಂಜೆ ಹಗ್ಗ ಹಿಡೀತೀನಿ. ಬಿಚ್ಚು."

ಸಾವಿಗೆ ಹೆದರಿ ಹೇಳಿದೆ ಎಂದು ಅವನು ತಿಳಿದುಕೊಂಡ. ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಾಯುವ ಮುಂಚೆ ಅಕ್ಕನ ಮುಖವನ್ನು ಒಮ್ಮೆ ನೋಡಬೇಕಿತ್ತು. ನಾನು ತಪ್ಪು ತಿಳಿದಿರಬಹುದು. ಅವಳು ಎಲ್ಲೋ ಮಾತಿನ ಭರದಲ್ಲಿ ಹೇಳಿರಬಹುದು, ಇವನು ಎಲ್ಲೋ ಕೇಳಿಸಿಕೊಂಡಿರಬಹುದು. ನನಗೆ ಈ ಲೋಕದಲ್ಲಿ ಇದ್ದವಳು ಅವಳೊಬ್ಬಳೇ. ಅವಳನ್ನು ಕಳೆದುಕೊಂಡರೆ ಮನೆ ಇದ್ದರೆಷ್ಟು, ಹೋದರೆಷ್ಟು.

ಗೂಳಿ ನೀರಿಗಿಳಿದು ಹಗ್ಗ ಕುಯ್ದ. ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದರು. ಬೆಣ್ಣೆ ಬೋಟಿನವರಿಗೆ ಫೋನ್ ಮಾಡಲು ರಸ್ತೆಯ ಕಡೆ ಹೋದ. ಗೂಳಿ ಬಾಗಿಲಿಗೆ ಅಡ್ಡ ನಿಂತ. ಜೇಬಿನಿಂದ ಸಿಗರೇಟು ತೆಗೆದ.

"ಹಚ್ಚಪ್ಪ," ಎಂದೆ. "ನಾವಿಬ್ರೂ ಇರೋದು ಡೀಸೆಲ್ ಟ್ಯಾಂಕಿನ ಮೇಲೆ. ಒಟ್ಟಿಗೇ ಹೋಗೋಣ."

ಗೂಳಿ ಕಡ್ಡಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕಾಲ ಕೆಳಗೆ ನೋಡಿದ.

ಅಷ್ಟು ಸಾಕಾಯಿತು. ಸೋಪಿನ ನೀರು ತುಂಬಿದ್ದ ಬಕೆಟ್ ಅವನ ತಲೆಗೆ ಟೋಪಿಯಾಯಿತು. ಕುರ್ಚಿ ಅವನ ಮೊಣಕಾಲಿಗೆ ಬಿತ್ತು. ನಾನು ಕಾಲಿಗೆ ಬುದ್ಧಿ ಹೇಳಿದೆ.

ಪಕ್ಕದಲ್ಲಿ ಬೋಟು ರಿಪೇರಿ ಮಾಡುವ ಅಂಗಳ. ಗೋಡೆ ಹಾರಿ ಒಳಗೆ ಬಿದ್ದೆ. ದಡಕ್ಕೆತ್ತಿದ ಬೋಟುಗಳನ್ನು ಮರದ ದಿಮ್ಮಿಗಳ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಹೊಟ್ಟೆಗಳ ಅಡಿಯಲ್ಲಿ ಬಗ್ಗಿಕೊಂಡು ಓಡಿದೆ. ಹಿಂದೆ ಗೂಳಿಯ ಏದುಸಿರು. ಸಲಾಕೆ ಒಂದು ಬೋಟಿಗೆ ಬಡಿದು ಠಣ್ ಎಂದಿತು. ಬಣ್ಣ ಬಳಿಯುತ್ತಿದ್ದ ಮುದುಕ ಏಣಿಯ ಮೇಲಿಂದ ಬೈದ.

"ಏಯ್, ಒಣಗಿಲ್ಲ ಕಣ್ರೋ!"

ನಾನು ಬಣ್ಣದ ಡಬ್ಬ ದಾಟಿದೆ. ಗೂಳಿ ದಾಟಲಿಲ್ಲ. ಕೆಂಪು ಬಣ್ಣದ ಮೇಲೆ ಅಂಗಾತ ಬಿದ್ದ. ಎದ್ದ. ಮತ್ತೆ ಬಿದ್ದ. ಮುದುಕ ಏಣಿ ಇಳಿದು ಬಂದು ಅವನ ಕಾಲರ್ ಹಿಡಿದುಕೊಂಡ. ಆಮೇಲೇನಾಯಿತು ಎಂದು ನೋಡುತ್ತಾ ನಿಲ್ಲಲಿಲ್ಲ.

ಆಚೆ ದಡಕ್ಕೆ ಹೋಗುವ ಲಾಂಚ್ ಹೊರಟಿತ್ತು. ಕಟ್ಟೆಗೂ ಲಾಂಚಿಗೂ ನಡುವೆ ನೀರು ಅಗಲವಾಗುತ್ತಿತ್ತು. ಹಾರಿದೆ. ಕಂಬಿ ಕೈಗೆ ಸಿಕ್ಕಿತು. ಹಿಂದಿರುಗಿ ನೋಡಿದರೆ ಬೆಣ್ಣೆ ಕಟ್ಟೆಯ ತುದಿಯಲ್ಲಿ ನಿಂತು ಬೂಟಿನ ಕೆಸರನ್ನು ನೋಡಿಕೊಳ್ಳುತ್ತಿದ್ದ. ಕಾರಿನಲ್ಲಿ ಬರಬೇಕೆಂದರೆ ಸೇತುವೆ ಸುತ್ತಿ ಬರಬೇಕು. ನನಗೆ ಸ್ವಲ್ಪ ಸಮಯ ಸಿಕ್ಕಿತು.

ಟಿಕೆಟ್ ಕೊಡುವಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈಜ್ಕೊಂಡು ಬಂದ್ರೆ ಟಿಕೆಟ್ ಬೇಡ ಅಂದ್ಕೊಂಡ್ರಾ?"

"ನಿಮ್ಮ ಫೋನ್ ಕೊಡಿ ತಾಯಿ. ನನ್ನದು ನೀರು ಕುಡಿದು ಸತ್ತಿದೆ."

ಗೊಣಗುತ್ತಲೇ ಕೊಟ್ಟಳು. ಗಸ್ತಿನ ಸಾಹೇಬರಿಗೆ ಫೋನ್ ಮಾಡಿದೆ. ನನ್ನ ಹಳೆಯ ಮೇಲಧಿಕಾರಿ. ಮಾತು ಕಡಿಮೆ, ಮೀಸೆ ಜಾಸ್ತಿ.

"ಸಾರ್, ಸಂಜೆ ನನ್ನ ಹೊಸ ಮನೆಗೆ ಬರ್ಬೇಕು."

"ಊಟಕ್ಕೆ ಕರೀತಿದ್ದೀಯಾ?"

"ಇಲ್ಲ ಸಾರ್. ಯೂನಿಫಾರ್ಮ್ ಹಾಕ್ಕೊಂಡು ಬನ್ನಿ. ಕಳ್ಳ ಡೀಸೆಲ್ ಬೋಟ್ ನನ್ನ ಜೆಟ್ಟಿಗೇ ಬರ್ತಿದೆ. ನೀರು ತುಂಬಿ ನಿಲ್ಲೋ ಹೊತ್ತಿಗೆ."

"ಯಾರ್ಯಾರಿದ್ದಾರೆ ಇದ್ರಲ್ಲಿ?"

"ಬ್ರೋಕರ್ ಬೆಣ್ಣೆ."

"ಇನ್ನೂ ಯಾರಾದ್ರೂ?"

"ಸಂಜೆ ಹೇಳ್ತೀನಿ ಸಾರ್."

ಆ ಇನ್ನೊಂದು ಹೆಸರು ಅಕ್ಕನದಲ್ಲ ಎಂದು ಸಂಜೆಯೊಳಗೆ ಯಾರಾದರೂ ನನಗೆ ಹೇಳಬೇಕಿತ್ತು. ಅವಳೇ ಹೇಳಿದರೆ ಸಾಕಿತ್ತು. ಸುಳ್ಳೇ ಹೇಳಿದರೂ ನಂಬುತ್ತಿದ್ದೆನೋ ಏನೋ.

ಅಂಗಡಿಯ ಬಾಗಿಲು ತೆರೆದಿತ್ತು. ಅಕ್ಕ ದೊಡ್ಡ ಮಿಶನ್ ಮುಂದೆ ಕೂತಿದ್ದಳು. ನೆಲದ ತುಂಬ ಹಸಿರು ಕ್ಯಾನ್ವಾಸ್. ಬೆರಳಿಗೆ ತೊಗಲಿನ ಪಟ್ಟಿ, ಬಾಯಲ್ಲಿ ಮೇಣ ಸವರಿದ ದಾರ. ನನ್ನನ್ನು ನೋಡಿ ದಾರ ತೆಗೆದಳು.

"ಬಾರೋ. ಮೊದ್ಲು ತಲೆ ಒರೆಸ್ಕೋ."

ಪಕ್ಕದ ಸ್ಟೂಲಿನ ಮೇಲೆ ಒಂದು ಟವಲ್. ಅದರ ಮೇಲೆ ಇಸ್ತ್ರಿ ಮಾಡಿದ ನನ್ನ ಅಂಗಿ.

ಒದ್ದೆಯಾಗಿ ಬರುತ್ತೇನೆ ಎಂದು ನಾನು ಅವಳಿಗೆ ಹೇಳಿರಲಿಲ್ಲ.

"ಯಾವಾಗ ತೆಗೆದಿಟ್ಟೆ ಇದನ್ನ?" ಎಂದೆ.

ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ಸರಿಮಾಡಿದಳು. ಸರಿಯಾಗಿಯೇ ಇತ್ತು ಅದು.

"ಬೆಣ್ಣೆ ಹೇಳ್ದ ಅಕ್ಕ. ನೀರು ಯೋಚ್ನೆ ಮಾಡೋ ಹೊತ್ತಿಗೆ ಅಂತ."

ಅವಳ ಕೈ ನಿಂತಿತು.

"ಆ ಮುಠ್ಠಾಳನಿಗೆ ಬಾಯಿ ನಿಲ್ಲಲ್ಲ," ಎಂದಳು. ನಿಧಾನವಾಗಿ. ಬೇಸರದಿಂದ.

ನನ್ನೊಳಗೆ ಏನೋ ಕಳಚಿ ಬಿದ್ದ ಹಾಗಾಯಿತು. ಸ್ಟೂಲಿನ ಮೇಲೆ ಕೂತೆ, ಟವಲಿನ ಮೇಲೆಯೇ.

"ಯಾಕಕ್ಕ?"

"ಯಾಕೆ ಅಂತ ಕೇಳ್ತೀಯಾ? ಆ ಮನೆ ಆ ಬೆಲೆಗೆ ಸಿಗುತ್ತಾ? ನಿನ್ನ ಮೂಗು ಊರಿಗೆಲ್ಲ ಕೆಲಸ ಮಾಡುತ್ತೆ, ಇದು ಹೊಳೀಲಿಲ್ವಾ?" ಅವಳ ದನಿ ಏರಲಿಲ್ಲ. "ಅಪ್ಪ ದೋಣಿ ಕಟ್ಟಿದ ಕಡೆಯೆಲ್ಲ ಬೈಸ್ಕೊಂಡ. ನಾನು ಕಂಡೋರ ಬೋಟಿಗೆಲ್ಲ ಬಟ್ಟೆ ಹೊಲಿದೆ. ಯಾರೂ ಬಂದು ಎದ್ದೇಳು ಅನ್ನದ ಒಂದು ಜೆಟ್ಟಿ ಬೇಕಿತ್ತು ನಂಗೆ. ಆ ಬೆಣ್ಣೆಗೆ ಗಸ್ತಿನೋರು ಮುಟ್ಟದ ಒಂದು ಹೆಸರು ಬೇಕಿತ್ತು. ನಿನ್ನ ಹೆಸರಿತ್ತು."

"ನನ್ನನ್ನ ಕೇಳ್ಬಹುದಿತ್ತು."

"ಕೇಳಿದ್ರೆ ಒಪ್ಕೋತಿದ್ಯಾ? ನೀನು ಕೆಳಗೆ ಇಣುಕದೇ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಇಣುಕಿದ್ದಾನೆ ಅಂತ ಅವನು ಫೋನ್ ಮಾಡ್ದ. ಹೆದರ್ಸಿ ಒಪ್ಸಿ ಅಂದೆ. ಅಷ್ಟೇ."

"ಹೆದರ್ಸಿ ಅಂದ್ಯಾ? ಮುಳುಗಿ ಸಾಯ್ತಿದ್ದೆ ಅಕ್ಕ."

"ಸಾಯ್ತಿರ್ಲಿಲ್ಲ." ಅವಳಿಗೆ ಸಿಟ್ಟೇ ಬಂತು. "ಯಾವ ಕಂಬಕ್ಕೆ ಕಟ್ಬೇಕು ಅಂತ ನಾನೇ ಹೇಳ್ದೆ. ಮೆಟ್ಟಿಲ ಪಕ್ಕದ್ದು. ಅಲ್ಲಿ ಕೆಸರು ಎತ್ತರ. ಚಿಕ್ಕೋರಿದ್ದಾಗ ಆ ದಡದಲ್ಲಿ ಎಷ್ಟು ಸಲ ಇಳಿದಿಲ್ಲ ನಾವು? ನೀರು ಪೂರ್ತಿ ತುಂಬಿದ್ರೂ ನಿನ್ನ ಗಲ್ಲ ಮುಟ್ಟುತ್ತೆ, ಮೇಲೆ ಬರಲ್ಲ. ನಿನ್ನ ಅಂಗಿ ಹೊಲಿಯೋಳು ನಾನು ಕಣೋ. ನಿನ್ನ ಎತ್ತರ ನಂಗೊತ್ತಿಲ್ವಾ?"

ನಾನು ಅವಳನ್ನೇ ನೋಡಿದೆ. ಅವಳಿಗೆ ಅದು ಕಾಳಜಿ. ನನ್ನ ಅಳತೆ ತೆಗೆದು, ನೀರಿನ ಅಳತೆ ತೆಗೆದು, ಎರಡನ್ನೂ ಕೂಡಿಸಿ ನನ್ನನ್ನು ಅವರ ಕೈಗೆ ಕೊಟ್ಟಿದ್ದಳು.

"ಅಲ್ಲಿ ಅಗೆದಿದ್ದಾರೆ ಅಕ್ಕ," ಎಂದೆ. "ಬೋಟ್ ಬರೋಕೆ ಆ ಕಂಬದ ಬುಡದ ತನಕ ಆಳ ಮಾಡಿದ್ದಾರೆ. ಚಿಪ್ಪಿನ ಗೆರೆ ನನ್ನ ನೆತ್ತಿಗಿಂತ ಮೇಲಿತ್ತು."

ಅವಳ ಮುಖದ ರಕ್ತ ಇಳಿದುಹೋಯಿತು. ಅದು ನಟನೆ ಅಲ್ಲ. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ.

"ಅಗೆದಿದ್ದಾರಾ?"

"ಹೂಂ."

"ನಂಗೆ ಹೇಳ್ಲಿಲ್ಲ ಅವನು."

ಎದ್ದು ಬಂದು ನನ್ನ ತಲೆ ಮುಟ್ಟಿದಳು. ಏಟು ಬಿದ್ದ ಜಾಗ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಅವಳ ಕಣ್ಣು ತುಂಬಿಕೊಂಡಿತು. ನನ್ನದೂ. ಎಲ್ಲ ಮುಗಿಯಿತು, ಅಕ್ಕ ವಾಪಸ್ ಸಿಕ್ಕಿದಳು ಎಂದುಕೊಂಡೆ.

"ಬಟ್ಟೆ ಬದಲಾಯ್ಸು. ಟೀ ಇಡ್ತೀನಿ. ಆಮೇಲೆ ಇಬ್ರೂ ಸಾಹೇಬ್ರ ಹತ್ರ ಹೋಗೋಣ," ಎಂದಳು.

ನಾನು ಆಗಲೇ ಫೋನ್ ಮಾಡಿದ್ದೇನೆ ಎಂದು ಹೇಳಲಿಲ್ಲ. ಹಳೆಯ ಕಸುಬಿನ ಚಾಳಿ. ಪರದೆಯ ಆಚೆ ಹೋಗಿ ಒಂದು ತೋಳು ಒಣ ಅಂಗಿಗೆ ತೂರಿಸಿದೆ. ಈಚೆ ಮಿಶನ್ ಓಡಲು ಶುರುವಾಯಿತು.

ಟೀ ಇಡುತ್ತೇನೆ ಎಂದವಳು ಯಾಕೆ ಹೊಲಿಯುತ್ತಿದ್ದಾಳೆ?

ಕಿವಿಗೊಟ್ಟೆ. ಕ್ಯಾನ್ವಾಸ್ ಚುಚ್ಚುವಾಗ ಆ ಮಿಶನ್ ದಬ್ ದಬ್ ಎನ್ನುತ್ತದೆ. ಆ ಸದ್ದಿನಲ್ಲೇ ನಾನು ಬೆಳೆದದ್ದು. ಈಗ ಬರುತ್ತಿದ್ದದ್ದು ಟಿಕ್ ಟಿಕ್ ಸದ್ದು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ಬರೀ ಸದ್ದಿಗಾಗಿ ಕಾಲಾಡಿಸುತ್ತಿದ್ದಳು. ಸದ್ದಿನ ಮರೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಇಲ್ಲೇ ಇದ್ದಾನೆ... ಹೂಂ, ಬಂದು ಕರ್ಕೊಂಡು ಹೋಗಿ. ಬೋಟ್ ಬಂದು ಟ್ಯಾಂಕ್ ಖಾಲಿ ಆಗೋ ತನಕ ಎಲ್ಲಾದ್ರೂ ಕೂಡಿ ಹಾಕಿ. ಆಮೇಲೆ ಬಾಯಿ ಬಿಟ್ರೂ ಅವನ ಹತ್ರ ಏನಿರುತ್ತೆ?" ಸ್ವಲ್ಪ ತಡೆದು ಹೇಳಿದಳು. "ಈ ಸಲ ನೀರು ಬೇಡ."

ಒಣ ಅಂಗಿಯನ್ನು ತೋಳಿನಿಂದ ಕಳಚಿದೆ. ಮಡಿಸಿ ಅಲ್ಲೇ ಇಟ್ಟೆ. ಹಿಂದಿನ ಕಿಟಕಿಯಿಂದ ಹೊರಗೆ ಇಳಿದೆ.

ಬೇರೆ ಯಾರಾದರೂ ಹೀಗೆ ಕೈ ಕೊಟ್ಟಿದ್ದರೆ ತಿರುಗಿ ನಾಲ್ಕು ಬಿಡುತ್ತಿದ್ದೆ. ಅಕ್ಕನಿಗೆ ಏನು ಮಾಡಲಿ? ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ಅವಳ ಕಣ್ಣೀರು ನಿಜ, ಫೋನೂ ನಿಜ. ಎರಡರ ನಡುವೆ ಒಂದು ಲೋಟ ನೀರೂ ಬಿಸಿಯಾಗುವಷ್ಟು ಹೊತ್ತು ಇರಲಿಲ್ಲ.

ಅಂಗಡಿಯ ಹಿಂದಿನ ಸಾರ್ವಜನಿಕ ಕಟ್ಟೆಯಲ್ಲಿ ಅಪ್ಪನ ದೋಣಿ ಇತ್ತು. ಅಕ್ಕನೇ ಹೊಲಿದ ಕವರ್ ಎಳೆದು ಎಸೆದೆ. ಚಿಕ್ಕ ಎಂಜಿನ್ ಕೆಮ್ಮಿತು, ಹತ್ತಿಕೊಂಡಿತು. ನದಿ ದಾಟಿ, ರಿಪೇರಿ ಅಂಗಳದ ಮುರುಕು ಬೋಟುಗಳ ಮರೆಯಲ್ಲಿ ನಿಲ್ಲಿಸಿದೆ. ಅಲ್ಲಿಂದ ನನ್ನ ಮನೆ ಚೆನ್ನಾಗಿ ಕಾಣುತ್ತಿತ್ತು. ಒಳ್ಳೆಯ ಮನೆ. ಸಂಜೆಯ ಬಿಸಿಲಿಗೆ ಜಗಲಿ ಹೊಳೆಯುತ್ತಿತ್ತು.

ಡೀಸೆಲ್ ಕಳ್ಳರ ನೀಲಿ ಬೋಟು ಹೊತ್ತಿಗಿಂತ ಮೊದಲೇ ಬಂತು. ನಾನು ಕಾಣೆಯಾದ ಸುದ್ದಿ ಮುಟ್ಟಿರಬೇಕು. ಕಾಲುವೆಯಲ್ಲಿ ನೆಟ್ಟಗೆ ನುಗ್ಗಿ ಜೆಟ್ಟಿಗೆ ತಾಗಿತು. ಬೆಣ್ಣೆ ಮೆಟ್ಟಿಲ ಮೇಲೆ ನಿಂತು ಅವಸರ ಮಾಡುತ್ತಿದ್ದ. ಅರ್ಧ ಮೈ ಕೆಂಪಾಗಿದ್ದ ಗೂಳಿ ಅಡಿಗೆಮನೆಯಿಂದ ದಪ್ಪ ಪೈಪು ಎಳೆದು ತಂದ. ಟ್ಯಾಂಕು ಖಾಲಿ ಮಾಡಿಕೊಂಡು ಓಡುವ ಲೆಕ್ಕ. ಅವರು ಓಡಿದರೆ ಉಳಿಯುವುದು ನನ್ನ ಹೆಸರಿನ ಮನೆ, ನನ್ನ ಅಡಿಗೆಮನೆಯ ಟ್ಯಾಂಕು, ಮತ್ತು ನಾನು.

ಸಾಹೇಬರ ಸುಳಿವಿರಲಿಲ್ಲ.

ನೀರು ತುಂಬುತ್ತಾ ಬಂತು. ಪೈಪು ನಡುಗುವುದು ನಿಂತಿತು. ಗೂಳಿ ಅದನ್ನು ಸುತ್ತತೊಡಗಿದ. ನಾನು ಎಂಜಿನ್ ಆರಿಸಿ ಹುಟ್ಟು ಹಾಕುತ್ತಾ ಕಾಲುವೆಯ ಬಾಯಿಗೆ ಹೋದೆ. ದೋಣಿಯನ್ನು ಅಡ್ಡಲಾಗಿ ತಿರುಗಿಸಿದೆ. ಎಂಜಿನ್ನಿಗೆ ಲಂಗರಿನ ಸರಪಳಿ ಸುತ್ತಿದೆ. ತಳದ ಬೂಚು ಹಿಡಿದು ಒಂದು ಕ್ಷಣ ಕೂತೆ.

ಕ್ಷಮಿಸಪ್ಪ ಎಂದೆ.

ಬೂಚು ಎಳೆದೆ. ನೀರು ಕಾಲಿನ ಸುತ್ತ ಚಿಮ್ಮಿತು. ಹಳೆಯ ಮರ, ಕಬ್ಬಿಣದ ಭಾರ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪ್ಪನ ದೋಣಿ ನನ್ನನ್ನು ನೀರಿನಲ್ಲಿ ಬಿಟ್ಟು ಕೆಳಗೆ ಹೋಗಿ ಕಾಲುವೆಗೆ ಅಡ್ಡ ಕೂತಿತು.

ಬೆಣ್ಣೆ ನೋಡಿದ. ಬೋಟಿಗೆ ಹಾರಿದ. "ಹೊರಡ್ಸಿ! ಬೇಗ!"

ನೀಲಿ ಬೋಟು ಹಿಂದಕ್ಕೆ ಸರಿದು ತಿರುಗಿ ಗರ್ಜಿಸುತ್ತಾ ಬಂತು. ಹೊಟ್ಟೆ ತುಂಬ ಡೀಸೆಲ್. ಕಾಲುವೆಯ ಬಾಯಿಯಲ್ಲಿ ಅದರ ತಳ ದೋಣಿಗೆ ಬಡಿಯಿತು. ಮರ ಮುರಿಯುವ ಸದ್ದು ಕೇಳಿಸಿತು. ಬೋಟು ಅರ್ಧ ಏರಿ, ಓರೆಯಾಗಿ, ನಿಂತುಬಿಟ್ಟಿತು. ಬೋಟಿನ ಹಿಂದಿನ ಫ್ಯಾನು ಕೆಸರು ಎರಚಿತು. ಕದಲಲಿಲ್ಲ.

ಆಗ ನೀರೂ ನಿಂತಿತು. ಏರುವುದಿಲ್ಲ, ಇಳಿಯುವುದಿಲ್ಲ. ಯಾವುದೇ ಸೆಳೆತ ಇಲ್ಲ. ಬಾಯಿ ಮುಚ್ಚಿಕೊಂಡು ತೇಲುತ್ತಾ ಇದ್ದೆ.

ಬೆಣ್ಣೆ ಬೋಟಿನ ಅಂಚಿಗೆ ಬಂದು ಕೊಕ್ಕೆಕೋಲು ನನ್ನತ್ತ ಚಾಚಿದ. ನನ್ನ ಹೆಗಲಿಗೆ ಒತ್ತಿ ಕೆಳಗೆ ಅದುಮಿದ. ಮುಳುಗಿದೆ, ಕೋಲನ್ನೇ ಹಿಡಿದು ಜಗ್ಗಿದೆ. ಪಾಲಿಶ್ ಬೂಟುಗಳ ಸಮೇತ ಅವನು ನೀರಿಗೆ ಬಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಕಾಲರ್ ಹಿಡಿದು ಮೇಲೆತ್ತಿದೆ.

"ಬಿಡ್ಬೇಡಿ ಸಾರ್," ಎಂದ. ಆಗಲೂ ಸಾರ್.

ಗಸ್ತಿನ ಬೋಟು ನದಿಯ ತಿರುವಿನಲ್ಲಿ ಕಾಣಿಸಿತು. ನೀರು ಇಳಿಯಲು ಶುರುವಾಗಿತ್ತು. ನೀಲಿ ಬೋಟು ಇನ್ನಷ್ಟು ಓರೆಯಾಗಿ ಕೆಸರಿಗೆ ಒರಗಿತು. ಗೂಳಿ ದಡದ ಕಡೆ ಓಡಿದ. ರಿಪೇರಿ ಅಂಗಳದ ಗೋಡೆಯ ಹತ್ತಿರ ಬಣ್ಣದ ಮುದುಕ ತನ್ನ ಏಣಿ ಹಿಡಿದು ಕಾಯುತ್ತಿದ್ದ.

ಸಾಹೇಬರು ನನ್ನ ಜೆಟ್ಟಿಯ ಮೇಲೆ ನಿಂತು ಎಲ್ಲವನ್ನೂ ನೋಡಿದರು. ಟ್ಯಾಂಕು ನೋಡಿದರು, ಪೈಪು ನೋಡಿದರು, ಬೇಡಿ ಹಾಕಿಸಿಕೊಂಡು ಕೂತ ಬೆಣ್ಣೆಯನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಸಂಜೆ ಹೇಳ್ತೀನಿ ಅಂದಿದ್ದೆ. ಇನ್ನೂ ಯಾರಾದ್ರೂ ಇದ್ದಾರಾ?"

ಅನ್ನ ಕಲಸಿದ ಕೈ ನೆನಪಾಯಿತು. ಆ ಟಿಕ್ ಟಿಕ್ ಸದ್ದೂ ನೆನಪಾಯಿತು.

"ಇಲ್ಲ ಸಾರ್," ಎಂದೆ. "ಬೇರೆ ಯಾರೂ ಇಲ್ಲ."

ಹಿಂದೆ ಮನೆಯ ಬಾಗಿಲು ಸದ್ದು ಮಾಡಿತು. ಅಕ್ಕ. ಲಾಂಚಿನಲ್ಲಿ ಬಂದಿರಬೇಕು. ಕೈಯಲ್ಲಿ ಮನೆಯ ಇನ್ನೊಂದು ಬೀಗದಕೈ. ಜಗಲಿಗೆ ಬಂದಳು. ಯೂನಿಫಾರ್ಮ್ ನೋಡಿದಳು. ಬೇಡಿ ನೋಡಿದಳು. ನನ್ನ ಮಾತು ಅವಳಿಗೆ ಕೇಳಿಸಿರಲಿಲ್ಲ. ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ ಎಂದು ತಿಳಿದುಕೊಂಡಳು. ಒಮ್ಮೆ ನನ್ನ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ.

"ಮನೆ ಅವನ ಹೆಸರಲ್ಲಿದೆ ಸಾರ್," ಎಂದಳು. "ಆ ಡೀಸೆಲ್ಲೂ ಅವನದ್ದೇ. ನಂಗೇನೂ ಗೊತ್ತಿಲ್ಲ. ನಾನು ಬರೀ ಹೊಲಿಯೋಳು."

ಸಾಹೇಬರು ಮೀಸೆ ಸವರಿಕೊಂಡರು.

"ಅಮ್ಮಾ, ನಮ್ಮನ್ನ ಕರೆಸಿದ್ದೇ ನಿಮ್ಮ ತಮ್ಮ. ಡೀಸೆಲ್ ವಿಷಯ ನಿಮ್ಗೆ ಯಾರು ಹೇಳಿದ್ರು?"

ಅಕ್ಕ ಬೀಗದಕೈಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ನೆಲದ ಮೇಲೆ ಕೂತಿದ್ದ ಬೆಣ್ಣೆ ಕೆಮ್ಮಿ ನೀರು ಉಗಿದ. "ಏನಮ್ಮಾ, ಆ ಕಂಬ ತೋರ್ಸಿದ್ದು ನೀವು. ಈಗ ನೋಡಿದ್ರೆ ಬರೀ ಹೊಲಿಯೋರಾ?"

ಆಮೇಲೆ ಸಾಹೇಬರು ನನ್ನನ್ನು ಮತ್ತೆ ಕೇಳಲಿಲ್ಲ. ನಾನೇ ಹೇಳಿದೆ. ಟವಲಿನಿಂದ ಫೋನಿನ ತನಕ ಎಲ್ಲ ಹೇಳಿದೆ. ಹೇಳುವಾಗ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಅವಳನ್ನು ಗಸ್ತಿನ ಬೋಟಿಗೆ ಹತ್ತಿಸಿದರು. ಅವಳು ಅಳಲಿಲ್ಲ, ಬೈಯಲಿಲ್ಲ. ಬೋಟು ಹೊರಡುವಾಗ ಮಾತ್ರ ತಿರುಗಿ ನೋಡಿದಳು.

"ಒದ್ದೆ ಅಂಗಿ ಬದಲಾಯ್ಸ್ಕೊಳೋ. ಶೀತ ಆಗುತ್ತೆ."

ಮನಸ್ಸಿನಿಂದಲೇ ಹೇಳಿದಳು. ಅದೇ ನನ್ನನ್ನು ಇವತ್ತಿಗೂ ಕೊಲ್ಲುವುದು.

ಬದಲಾಯಿಸಿದೆ. ಮೊದಲು ಅಂಗಿ, ಆಮೇಲೆ ಮನೆಯ ಬೀಗ.